ಬ್ರೇಕ್ ಮೇಷ್ಟ್ರ ಮನೆಗೆ ಬಂದ ಕಾರು

ನಮ್ಮ ಊರಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಬ್ರೇಕ್ ಮೇಷ್ಟ್ರ ಶಿಷ್ಯರು. ನಾನೂ ಒಬ್ಬ. ಅವರ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರು ಕೂರುವ ಪಕ್ಕದ ಸೀಟಿನ ಮುಂದೆ, ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಮೂವತ್ತೊಂದು ವರ್ಷ ಅದನ್ನು ಒತ್ತಿ ಒತ್ತಿ ಅವರ ಬಲಗಾಲು ಎಷ್ಟು ಪಳಗಿತ್ತೆಂದರೆ, ಟಿವಿಯಲ್ಲಿ ಯಾವುದಾದರೂ ಕಾರು ಜೋರಾಗಿ ತಿರುಗಿದರೂ ಸಾಕು, ಸೋಫಾದ ಮುಂದಿನ ಚಾಪೆ ಜಾರಿ ಗೋಡೆ ಸೇರುತ್ತಿತ್ತು.

ಅವರ ಪಾಠದಲ್ಲಿ ಮಾತು ಕಡಿಮೆ, ಕೂಗು ಜಾಸ್ತಿ. ರಿವರ್ಸ್ ಪಾರ್ಕಿಂಗ್ ಕಲಿಸುವ ದಿನವಂತೂ ಬೀದಿಯ ಕೊನೆಯ ಮನೆಯವರಿಗೂ ಪಾಠ ಕೇಳಿಸುತ್ತಿತ್ತು. "ಕತ್ತು ತಿರುಗ್ಸಿ, ಕತ್ತು! ದೇವರು ಅದನ್ನ ಕೊಟ್ಟಿರೋದು ಟೈ ಕಟ್ಕೊಳ್ಳೋಕಾ?" ನನಗೆ ಹೀಗೆ ಹನ್ನೊಂದು ದಿನ ಬೈದರು. ಹನ್ನೆರಡನೇ ದಿನ ಕಾರು ಎರಡು ಡ್ರಮ್ಮುಗಳ ನಡುವೆ ಸರಿಯಾಗಿ ನಿಂತಾಗ, "ಹ್ಞೂಂ" ಅಂದರು. ಅವರ ಬಾಯಲ್ಲಿ ಅದು ಚಿನ್ನದ ಪದಕ.

ಅವರ ಬೈಗುಳ ಹತ್ತಿರದಿಂದ ಕೇಳಿಯೂ ಕಾರು ಕಲಿಯದೆ ಉಳಿದವರು ಒಬ್ಬರೇ, ಅವರ ಹೆಂಡತಿ. ಅವರನ್ನು ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹೊಲಿಗೆ ಮಿಷನ್ ಮೇಲೆ ಬಗ್ಗಿ ಬಗ್ಗಿ ಅವರ ಕತ್ತು ಹಿಡಿದುಹೋಗಿತ್ತು. ಹಿಂದೆ ಯಾರಾದರೂ ಕರೆದರೆ ಬೀರು ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸಬೇಕಿತ್ತು. ಹದಿನೆಂಟು ವರ್ಷದ ಹಿಂದೆ ಒಂದು ಬೆಳಗ್ಗೆ ಮೇಷ್ಟ್ರು ಅವರಿಗೂ ಪಾಠ ಶುರು ಮಾಡಿದ್ದರು. ಐದನೇ ಸಲ "ಕತ್ತು ತಿರುಗ್ಸೇ!" ಎಂದಾಗ ಟೈಲರಮ್ಮ ಕಾರನ್ನು ರಸ್ತೆ ಮಧ್ಯೆಯೇ ನಿಲ್ಲಿಸಿ, ಬಾಗಿಲು ತೆಗೆದು, ನಡೆದೇ ಮನೆಗೆ ಬಂದರು. ಅಲ್ಲಿಗೆ ಆ ವಿಷಯ ಮುಗಿದಿತ್ತು.

ಹೀಗಿರುವಾಗ ಮಗಳು ಹೊಸ ಕಾರು ತಂದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವಳು. ಮನೆ ಮುಂದೆ ಪಕ್ಕದವರ ವ್ಯಾನಿಗೂ ಲೈಟ್ ಕಂಬಕ್ಕೂ ನಡುವೆ ಒಂದಿಷ್ಟು ಜಾಗವಿತ್ತು. ಅವಳು ಒಂದು ಬಟನ್ ಒತ್ತಿ ಕೈ ಎತ್ತಿಬಿಟ್ಟಳು. ಸ್ಟೀರಿಂಗ್ ತಾನಾಗಿಯೇ ಗರಗರ ತಿರುಗಿ, ಕಾರು ಹಿಂದಕ್ಕೆ ಸರಿದು, ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತು.

ಮೇಷ್ಟ್ರು ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದರು. "ಯಾರು ಓಡ್ಸಿದ್ದು?"

"ಅದೇ, ಅಪ್ಪ."

"ಅದಕ್ಕೆ ಲೈಸೆನ್ಸ್ ಕೊಟ್ಟೋರು ಯಾರು?"

ಆ ಭಾನುವಾರ ಮೇಷ್ಟ್ರು ಕಾರಿನ ಜೊತೆ ಪಂಥ ಕಟ್ಟಿದರು. ಅದೇ ಜಾಗ. ಮೊದಲು ಇವರು, ಆಮೇಲೆ ಅದು. ಅಕ್ಕಪಕ್ಕದವರೆಲ್ಲ ಹೊರಗೆ ಬಂದರು, ನಾನೂ ಹೋಗಿದ್ದೆ. ಮೇಷ್ಟ್ರು ಸ್ಕೂಲಿನ ಹಳೇ ಕಾರನ್ನು ಒಂದೇ ಏಟಿಗೆ ಹಾಕಿದರು. ನೋಡೋಕೆ ಕಣ್ಣಿಗೆ ಹಬ್ಬ. ಹೊಸ ಕಾರು ಹಿಂದೆ, ಮುಂದೆ, ಮತ್ತೆ ಹಿಂದೆ ಅಂತ ಮೂರು ಸಲ ಅನುಮಾನಿಸಿ, ಅವರ ಎರಡರಷ್ಟು ಹೊತ್ತು ತೆಗೆದುಕೊಂಡಿತು. ಮೇಷ್ಟ್ರು ಮೀಸೆ ತಿರುವುವಷ್ಟರಲ್ಲಿ ಟೈಲರಮ್ಮ ಕೊರಳಲ್ಲಿದ್ದ ಟೇಪು ತೆಗೆದು, ಮೊದಲು ಇವರದನ್ನು ಅಳೆದ ಹಾಗೆಯೇ ಅದನ್ನೂ ಅಳೆದರು.

"ನಿಮ್ದು ಮುಂದಿನ ಚಕ್ರ ರಸ್ತೆ ಅಂಚಿಂದ ನಾಲ್ಕು ಇಂಚು, ಹಿಂದಿನದು ಏಳು. ಇದ್ರದ್ದು ಎರಡೂ ಐದೈದು," ಎಂದರು. "ಹೊಲಿಗೆ ಆಗಿದ್ರೆ ನಿಮ್ದನ್ನ ಬಿಚ್ಚಿ ಮತ್ತೆ ಹೊಲೀಬೇಕಿತ್ತು, ರೀ."

ಮೇಷ್ಟ್ರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ಟೈಲರಮ್ಮ ತಟ್ಟೆ ಇಡುತ್ತಾ, "ನಾನು ಕಾರು ಕಲೀತೀನಿ," ಅಂದರು.

"ಈ ವಯಸ್ಸಲ್ಲಾ?"

"ಕತ್ತು ತಿರುಗಿಸ್ಬೇಕು ಅಂತ ಅಲ್ವಾ ಬಿಟ್ಟಿದ್ದು? ಇದ್ರಲ್ಲಿ ಹಿಂದಿಂದೆಲ್ಲ ಮುಂದಿನ ಪರದೇಲೇ ಕಾಣ್ಸುತ್ತೆ. ಅದೂ ಅಲ್ದೆ, ಇದು ಬೈಯಲ್ಲ."

ಮಗಳು ರಜೆಯ ದಿನಗಳಲ್ಲಿ ಕಲಿಸಿದಳು. ನೇರ ರಸ್ತೆ, ತಿರುವು, ಸಿಗ್ನಲ್ಲು ಎಲ್ಲವೂ ತಿಂಗಳಲ್ಲಿ ಬಂತು. ಬ್ರೇಕಂತೂ ಬೆಣ್ಣೆ. "ಇದನ್ನ ಎಲ್ಲಿ ಕಲಿತೆ ಅಮ್ಮ?" ಎಂದು ಮಗಳು ಬೆರಗಾದರೆ, "ನನ್ನ ಕಾಲು ಮೂವತ್ತು ವರ್ಷದಿಂದ ಪೆಡಲ್ ಮೇಲೇ ಇದೆ ಕಣೇ. ಸೂಜಿ ನಿಲ್ಲಿಸೋಳಿಗೆ ಕಾರು ನಿಲ್ಲಿಸೋದು ಕಷ್ಟವಾ?" ಎಂದರು ಟೈಲರಮ್ಮ.

ಆದರೆ ಲೈಸೆನ್ಸ್ ಕೊಡುವ ಇನ್‌ಸ್ಪೆಕ್ಟರು ಮೊದಲೇ ಹೇಳಿದ್ದರು. ಪರೀಕ್ಷೆಯಲ್ಲಿ ಕನ್ನಡಿ ನೋಡಬಹುದು, ಕ್ಯಾಮೆರಾ ನೋಡಬಹುದು, ಆ ಬಟನ್ ಮಾತ್ರ ಮುಟ್ಟುವ ಹಾಗಿಲ್ಲ. ಅಂದರೆ ಸ್ಟೀರಿಂಗ್ ಕೈಯಾರೆ ತಿರುಗಿಸಿ ನಿಲ್ಲಿಸಬೇಕು. ಅದನ್ನು ಕಲಿಸುವಷ್ಟು ಮಗಳಿಗೇ ಬರುತ್ತಿರಲಿಲ್ಲ. ಬಟನ್ ಬಂದ ಮೇಲೆ ಅವಳು ಅಪ್ಪ ಕಲಿಸಿದ್ದನ್ನೆಲ್ಲ ಮರೆತಿದ್ದಳು.

ಮೇಷ್ಟ್ರನ್ನೇ ಕೇಳಬೇಕಾಯಿತು. ಟೈಲರಮ್ಮ ಒಂದು ಷರತ್ತು ಹಾಕಿದರು. "ನೀವು ಒಂದ್ಸಲ ಕೂಗಿದ್ರೆ, ನಾನು ಬಟನ್ ಒತ್ತೋದೇ."

ಮೊದಲ ದಿನ ಬಟನ್ ಒಂಬತ್ತು ಸಲ ಒತ್ತಿಸಿಕೊಂಡಿತು. ಮೇಷ್ಟ್ರು "ಕತ್ತು" ಎಂದು ಬಾಯಿ ತೆರೆಯುವಷ್ಟರಲ್ಲಿ ಸ್ಟೀರಿಂಗ್ ಗರಗರ ತಿರುಗುತ್ತಿತ್ತು. ತಮ್ಮ ಮಾತನ್ನು ಕತ್ತರಿಸಿ ಒಂದು ಯಂತ್ರ ಪಾಠ ಮುಗಿಸುವುದನ್ನು ನೋಡುತ್ತಾ ಅವರು ತುಟಿ ಕಚ್ಚಿಕೊಂಡು ಕೂರುತ್ತಿದ್ದರು. ಕಾಲ ಕೆಳಗೆ ಬ್ರೇಕೂ ಇಲ್ಲ, ಬಾಯಿಗೂ ಬೀಗ.

ವಾರದ ಕೊನೆಗೆ ಮಾರುಕಟ್ಟೆಯ ಹಿಂದಿನ ಬೀದಿಗೆ ಹೋದರು. ಅಲ್ಲಿ ಪೇಂಟರೊಬ್ಬನ ಸಣ್ಣ ಟೆಂಪೋ ನಿಂತಿತ್ತು. ಅದರ ಹಿಂದೆ ಏಣಿಯೊಂದು ಎದೆಯೆತ್ತರಕ್ಕೆ ಹೊರಗೆ ಚಾಚಿತ್ತು. ಮೇಷ್ಟ್ರು ಮತ್ತೇನಕ್ಕೋ ಕೂಗಿದರು, ಟೈಲರಮ್ಮ ಬಟನ್ ಒತ್ತಿದರು. ಟೆಂಪೋದ ಮುಂದಿನ ಜಾಗಕ್ಕೆ ಹೋಗಬೇಕಿದ್ದ ಕಾರು ಅದರ ಹಿಂದಿನ ಜಾಗವನ್ನು ಆರಿಸಿಕೊಂಡು ಒಳಗೆ ಸರಿಯಿತು, ಆಮೇಲೆ ನೆಟ್ಟಗಾಗಲು ಮುಂದಕ್ಕೆ ಹೊರಟಿತು. ಪರದೆಯ ಮೇಲೆ ಎಲ್ಲ ಹಸಿರು. ಟೆಂಪೋದ ಬಂಪರ್ ಎಷ್ಟು ದೂರ ಎಂದು ಕಾರಿಗೆ ಗೊತ್ತಿತ್ತು, ಏಣಿ ಮಾತ್ರ ಅದರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಟೈಲರಮ್ಮನ ಕಣ್ಣು ಪರದೆಯ ಮೇಲಿತ್ತು.

ಮೇಷ್ಟ್ರು ಏಣಿ ನೋಡಿದರು. ಕೂಗಿದರೆ ಇವಳು ಬೆಚ್ಚಿಬೀಳುತ್ತಾಳೆ ಎಂದು ಆ ಗಳಿಗೆಯಲ್ಲಿ ಎಲ್ಲಿಂದ ಹೊಳೆಯಿತೋ. ಮೆಲ್ಲಗೆ, ನೀರು ಕೇಳುವಷ್ಟು ಸಹಜವಾಗಿ, "ನಿಲ್ಸು," ಅಂದರು.

ಸೂಜಿ ನಿಲ್ಲಿಸುವ ಕಾಲು ಕಾರನ್ನು ನಿಲ್ಲಿಸಿತು. ಏಣಿಗೂ ಕಾರಿನ ಮುಂದಿನ ಗಾಜಿಗೂ ಒಂದು ಗೇಣು.

ಟೈಲರಮ್ಮ ಕಾರು ಆಫ್ ಮಾಡಿ, ಇಡೀ ಮೈ ಗಂಡನ ಕಡೆ ತಿರುಗಿಸಿದರು. "ಹೀಗೂ ಮಾತಾಡೋಕೆ ಬರುತ್ತಾ ನಿಮ್ಗೆ?" ಎಂದರು.

"ಈಗ ಗೊತ್ತಾಯ್ತು," ಎಂದರು ಮೇಷ್ಟ್ರು.

ಅಂದಿನಿಂದ ಪಾಠ ಸರಾಗವಾಯಿತು. ಮೇಷ್ಟ್ರು ಕತ್ತಿನ ಸುದ್ದಿ ಬಿಟ್ಟು, ಕನ್ನಡಿಯಲ್ಲಿ ಏನು ಕಂಡಾಗ ಎಷ್ಟು ತಿರುಗಿಸಬೇಕು ಎಂದು ಹೇಳಿಕೊಟ್ಟರು. ಟೈಲರಮ್ಮ ಅದನ್ನು ಅರ್ಧ ಸುತ್ತು, ಮುಕ್ಕಾಲು ಸುತ್ತು ಎಂದು ಬ್ಲೌಸಿನ ಅಳತೆಯ ಹಾಗೆ ಬಾಯಿಪಾಠ ಮಾಡಿದರು. ಪರೀಕ್ಷೆಯ ದಿನ ಎರಡನೇ ಪ್ರಯತ್ನಕ್ಕೆ ಕಾರು ನಿಂತಿತು. ಇನ್‌ಸ್ಪೆಕ್ಟರೂ ಮೇಷ್ಟ್ರ ಹಳೇ ಶಿಷ್ಯರೇ. "ಅಮ್ಮ, ನಿಮಗೆ ಕಲಿಸಿದ್ದು ಅವರೇನಾ? ನೀವು ಅಳ್ತಾ ಇಲ್ವಲ್ಲ!" ಎಂದು ಸಹಿ ಹಾಕಿದರು.

ಆದರೂ ಮೇಷ್ಟ್ರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಒಂದು ಸಂಜೆ ಕಾಫಿ ಕುಡಿಯುತ್ತಾ, "ಇನ್ನು ಹತ್ತು ವರ್ಷಕ್ಕೆ ಕಾರು ತಾನೇ ಹೋಗುತ್ತೆ, ತಾನೇ ಬರುತ್ತೆ. ನನ್ನ ಸ್ಕೂಲಿಗೆ ಯಾರು ಬರ್ತಾರೆ?" ಎಂದರು.

ಟೈಲರಮ್ಮ ದಾರ ಕಚ್ಚಿ ತುಂಡು ಮಾಡಿದರು. "ರೆಡಿಮೇಡ್ ಅಂಗಡಿ ಬಂದಾಗ ನಾನೂ ಹೀಗೇ ಗೋಳಾಡಿದ್ದೆ, ಮರೆತ್ರಾ? ಹೊಸದು ಹೊಲಿಸೋರು ಕಡಿಮೆ ಆದ್ರು, ನಿಜ. ಆದ್ರೆ ತೋಳು ಉದ್ದ, ಸೊಂಟ ಸಡಿಲ ಅಂತ ಹೊತ್ಕೊಂಡು ಬರೋರು ಎಷ್ಟು ಜನ! ಕಾರ್ಖಾನೆಗೆ ಎಲ್ಲರ ಮೈಯೂ ಒಂದೇ ಅಳತೆ. ಆ ಬಟನ್ ಕಾರಿಗೆ ಎಲ್ಲ ಬೀದಿನೂ ಒಂದೇ ಅಳತೆ."

ಮೇಷ್ಟ್ರು ತಲೆ ಕೆರೆದುಕೊಂಡರು. ಮುಂದಿನ ತಿಂಗಳು ಸ್ಕೂಲಿನಲ್ಲಿ ಹೊಸ ಪಾಠ ಸೇರಿತು. ಬಟನ್ ಯಾವಾಗ ಒತ್ತಬೇಕು, ಒತ್ತಿದ ಮೇಲೆ ಕಣ್ಣು ಎಲ್ಲಿರಬೇಕು, ಕಾಲು ಎಲ್ಲಿರಬೇಕು ಎಂದು ಅರ್ಧ ದಿನದ ಪಾಠ. ಕತ್ತು ಹಿಡಿದವರು, ಮಂಡಿ ನೋವಿನವರು, ಪಾರ್ಕಿಂಗಿಗೆ ಹೆದರಿ ಕಾರನ್ನು ಮನೆಯಲ್ಲೇ ಬಿಟ್ಟಿದ್ದವರು ಬರತೊಡಗಿದರು. ಹೆಚ್ಚಿನವರು ಟೈಲರಮ್ಮನ ಗಿರಾಕಿಗಳೇ. ಅಳತೆ ಕೊಡಲು ಬಂದವರಿಗೆ ಅವರೇ ಪಾಠಕ್ಕೂ ಹೆಸರು ಬರೆಸುತ್ತಿದ್ದರು.

ಮೊನ್ನೆ ಟೈಲರಮ್ಮ ಅಕ್ಕನ ಮನೆಗೆ ಎರಡು ಗಂಟೆಯ ದಾರಿ ಕಾರಿನಲ್ಲೇ ಹೊರಟರು. ಪಕ್ಕದ ಸೀಟಿನಲ್ಲಿ ಮೇಷ್ಟ್ರು. ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ನನಗೆ ಸಿಕ್ಕರು. "ಹೇಗೆ ಓಡಿಸ್ತಿದಾರೆ, ಮೇಷ್ಟ್ರೇ?" ಎಂದು ಕೇಳಲು ಕಿಟಕಿಯಲ್ಲಿ ಬಗ್ಗಿದೆ. ಟೈಲರಮ್ಮ ತುಟಿಯ ಮೇಲೆ ಬೆರಳಿಟ್ಟರು. ಮೇಷ್ಟ್ರು ಸೀಟು ಹಿಂದಕ್ಕೆ ಒರಗಿಸಿಕೊಂಡು, ಬಾಯಿ ಅರ್ಧ ತೆರೆದು, ಗಾಢ ನಿದ್ದೆಯಲ್ಲಿದ್ದರು.