ಗಾಜಿನ ನಳಿಗೆಯಲ್ಲಿ ಒಂದು ತಾಸು

ಅಂದು ಮುಂಜಾನೆ ವಡಗಾವಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಐದು ಜನ ಇದ್ದೆವು. ಕುರ್ಚಿಯ ಮೇಲೆ ಅವ್ವ, ಮೊಣಕೈ ಮಡಚಿ ಹತ್ತಿಯ ಉಂಡೆ ಒತ್ತಿ ಹಿಡಿದಿದ್ದಳು. ಬಾಗಿಲಿಗೆ ಒರಗಿ ಅಪ್ಪ. ಆ ಕೋಣೆಯನ್ನು ಬಾಡಿಗೆಗೆ ಹಿಡಿದು ರಕ್ತ ತಪಾಸಣೆಯ ಸಣ್ಣ ಲ್ಯಾಬ್ ಇಟ್ಟಿದ್ದ ನಡುವಯಸ್ಸಿನ ಮನುಷ್ಯ. ನಾವೆಲ್ಲ ಅವರನ್ನು ಭಾಯಿ ಎನ್ನುತ್ತಿದ್ದೆವು. ಖಾನಾಪುರದಿಂದ ಮೊದಲ ಬಸ್ಸಿಗೆ ನೀರಿನ ಹೊಸ ಕೊಡ ತಂದಿದ್ದ ಕುಂಬಾರ ಮಾಮಾ. ಐದನೆಯವಳು ನಾನು, ಚಹಾ ತಂದವಳು.

ಮಾಮಾ ನಮ್ಮ ಬಳಗದವನಲ್ಲ. ಅವ್ವನ ತವರು ಖಾನಾಪುರ. ಒಂದೇ ಓಣಿಯಲ್ಲಿ ಆಡಿ ಬೆಳೆದದ್ದರಿಂದ ಅವ್ವ ಅವನನ್ನು ಅಣ್ಣಾ ಎನ್ನುತ್ತಿದ್ದಳು, ನನಗೆ ಮಾಮಾ ಆದ. ಪ್ರತಿ ಬೇಸಿಗೆಯ ಆರಂಭಕ್ಕೆ ತಂಗಿಗೊಂದು ಕೊಡ ತರುವುದು ಅವನು ತಾನೇ ಹಚ್ಚಿಕೊಂಡ ರೂಢಿ.

ಅವ್ವನಿಗೆ ಏನಾಗಿತ್ತೆಂದು ಮೊದಲು ಹೇಳಬೇಕು. ಹಿಂದಿನ ಮಳೆಗಾಲದಿಂದ ಅವಳ ಕೈಬೆರಳಿನ ಗಂಟುಗಳು ಬಾತುಕೊಂಡಿದ್ದವು. ಮುಂಜಾನೆ ಎದ್ದರೆ ಮುಷ್ಟಿ ಮಡಚಲು ಬರುತ್ತಿರಲಿಲ್ಲ. ನೇಕಾರರ ಮನೆಯಲ್ಲಿ ಬೆರಳು ಹೋದರೆ ಉಳಿಯುವುದೇನು? ಮಗ್ಗದ ಹಳೆಯ ಹಾಸಿನ, ಅಂದರೆ ಉದ್ದಕ್ಕೆ ಹಾಸಿದ ನೂಲಿನ, ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಸೇರಿಸಬೇಕು. ಇದಕ್ಕೆ ಕೆಚ್ಚುವುದು ಅನ್ನುತ್ತೇವೆ. ಸಾವಿರಾರು ಎಳೆ. ಅವ್ವ ಕೆಚ್ಚಿದ ಹಾಸಿನಲ್ಲಿ ಎಳೆ ಕಡಿದದ್ದನ್ನು ನಮ್ಮ ಓಣಿ ಕಂಡಿರಲಿಲ್ಲ. ಅಂಥವಳು ರೊಟ್ಟಿ ಬಡಿಯುವುದನ್ನೂ ನನಗೆ ಬಿಟ್ಟುಕೊಟ್ಟು ಸುಮ್ಮನೆ ಕೂತಿದ್ದಳು. ಅಪ್ಪ ಕೈಮಗ್ಗದ ಮೇಲೆ ಚಾದರ ಹೊದಿಸಿ, ಎರಡು ಪವರ್‌ಲೂಮಿಗೆ ಮುಂಗಡ ಕೊಟ್ಟ; ಅವು ಬಂದು ಹಿಂದಿನ ಕೋಣೆಯಲ್ಲಿ ಕೂತದ್ದು ಕೆಲವು ತಿಂಗಳ ನಂತರ.

ಶಿವಬಸವ ನಗರದ ಡಾಕ್ಟರಬಾಯಿ ಇದು ಗಂಟಿನ ಉರಿಯೂತ ಎಂದರು. ಗುಳಿಗೆ ಕೊಟ್ಟರು. ಆಗಾಗ ಇಎಸ್‌ಆರ್ ಎಂಬ ರಕ್ತ ಪರೀಕ್ಷೆ ಮಾಡಿಸಿ ತರಲು ಹೇಳಿದರು. ಭಾಯಿಯ ಲ್ಯಾಬಿನಲ್ಲೇ ಮಾಡಿಸಿದೆವು, ಮೊದಲ ಸಲ ತೊಂಬತ್ತಾರು ಬಂತು. ನೂರಕ್ಕೆ ತೊಂಬತ್ತಾರು ಎಂದು ಅಪ್ಪ ಖುಷಿಪಟ್ಟಿದ್ದ! ಡಾಕ್ಟರಬಾಯಿ ನಕ್ಕು, "ಇದು ಸಾಲಿ ಪರೀಕ್ಷಾ ಅಲ್ರೀ ಯಜಮಾನರ. ಇದರಾಗ ಕಡಿಮಿ ಬಂದವರು ಶಾಣ್ಯಾರು" ಎಂದರು. ಎರಡು ತಿಂಗಳಿಗೆ ನಲವತ್ತಕ್ಕೆ ಇಳಿಯಿತು. ಅವ್ವನ ಬಾವೂ ಇಳಿಯಿತು. ಅವಳು ಕಿಟಕಿಯ ಸರಳಿಗೆ ನೂಲು ಕಟ್ಟಿಕೊಂಡು, ಸಾಲಿಗೆ ಹೊಸದಾಗಿ ಹೋಗುವ ಮಗುವಿನಂತೆ ಎಳೆ ಹೊಸೆಯುವುದನ್ನು ಮತ್ತೆ ರೂಢಿಸಿಕೊಳ್ಳತೊಡಗಿದಳು.

ಮೂರನೆಯ ಸಲ ಎಂಬತ್ನಾಲ್ಕು.

"ಕೈ ಹೆಂಗದಾವ್ರಿ?" ಎಂದು ಡಾಕ್ಟರಬಾಯಿ ಅವಳ ಗಂಟು ಒತ್ತಿ ನೋಡಿದರು. ಚೊಲೋ ಅದಾವ ಎಂದಳು ಅವ್ವ. ಅವರಿಗೂ ಒಗಟಾಯಿತು. "ಈ ಪರೀಕ್ಷಾ ಮೈಯಾಗ ಎಲ್ಲೋ ಉರಿ ಐತಿ ಅಂತಷ್ಟ ಹೇಳ್ತದ, ಎಲ್ಲೈತಿ, ಯಾಕೈತಿ ಅಂತ ಹೇಳಂಗಿಲ್ಲ. ಕಾಗದ ಒಂದನ್ನ ನೋಡಿ ನಾ ಔಷಧಾ ಬದಲಿ ಮಾಡಂಗಿಲ್ಲ. ಒಂದು ತಿಂಗಳ ಬಿಟ್ಟು ಇನ್ನೊಮ್ಮೆ ನೋಡೂಣು. ಆಗೂ ಇಳೀಲಿಲ್ಲಂದ್ರ ಮತ್ತ ಜಬರ ಗುಳಿಗಿ ಬೇಕಾಗಬಹುದು."

ಮನೆಗೆ ಬಂದವಳೇ ಅವ್ವ ಕಿಟಕಿಯ ನೂಲು ಬಿಚ್ಚಿ ಸುತ್ತಿಟ್ಟಳು. "ಕೈ ಸುಳ್ಳ ಹೇಳ್ತದ, ಕಾಗದ ಖರೇ ಹೇಳ್ತದ" ಎಂದಳು. ಬೆರಳಿನ ಬಾವಿಗಿಂತ ಆ ಮಾತು ನನ್ನನ್ನು ಹೆಚ್ಚು ಹೆದರಿಸಿತು.

ಈಗ ನಾಲ್ಕನೆಯ ಸಲ. ಭಾಯಿ ರಕ್ತಕ್ಕೆ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ ಬೆರೆಸಿ, ಗೆರೆ ಕೊರೆದ ಉದ್ದನೆಯ ಗಾಜಿನ ನಳಿಗೆಗೆ ಏರಿಸಿ, ಗೋಡೆಗೆ ಹೊಡೆದಿದ್ದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಮಾಮಾ ಇದನ್ನೆಲ್ಲ ಮೊದಲ ಸಲ ನೋಡುತ್ತಿದ್ದ.

"ಈಗೇನ್ ಮಾಡ್ತೀರಿ ಇದನ್ನ?"

"ಏನೂ ಇಲ್ಲ ಕಾಕಾ. ಒಂದು ತಾಸು ಕಾಯೂದು. ಕೆಂಪು ಕೆಳಗ ಇಳೀತದ, ಮ್ಯಾಲ ಹಳದಿ ತಿಳಿನೀರು ಉಳೀತದ. ತಾಸಿನಾಗ ಎಷ್ಟು ಗೆರಿ ಇಳೀತು ಅಂತ ಬರಿಯೂದು, ಅಷ್ಟ."

"ಲಗೂನ ಇಳದ್ರ ಚೊಲೋನೋ, ಸಾವಕಾಶ ಇಳದ್ರ ಚೊಲೋನೋ?"

"ಸಾವಕಾಶ. ಉರಿಯೂತ ಇದ್ದಾಗ ರಕ್ತದಾಗ ಒಂದು ನಮೂನಿ ಅಂಟು ಹೆಚ್ಚಾಗ್ತದ. ಬಿಲ್ಲಿಯಂಥಾ ಕೆಂಪು ಕಣಗಳು ಬಳಿಗಾರನ ಮಲಾರದಾಗ ಬಳಿ ಪೋಣಿಸಿದಂಗ ಒಂದಕ್ಕೊಂದು ಕೂಡತಾವ. ವಜ್ಜಾ ಆಗ್ತಾವ, ದಡದಡ ಇಳೀತಾವ."

ಮಾಮಾನ ಮುಖ ಬೆಳಗಿತು. "ಅಂದ್ರ ನಮ್ಮ ಮಣ್ಣಿನ ಹೌದಿನ ಲೆಕ್ಕ ಅನ್ರಿ!" ಜೇಡಿಮಣ್ಣನ್ನು ಕಲಸಿ, ಸೋಸಿ, ತಿಳಿಯಾಗಲು ಹೌದು ಎಂಬ ತೊಟ್ಟಿಯಲ್ಲಿ ಬಿಡುವುದು ಅವನ ದಿನದ ಕೆಲಸ. ಕುರ್ಚಿ ಎಳೆದುಕೊಂಡು ನಳಿಗೆಯ ಎದುರೇ ಕುಳಿತ. ಚಹಾವನ್ನು ಕಪ್ಪಿನಿಂದ ಬಶಿಗೆ ಸುರಿದು, ಬಶಿಯನ್ನು ಗೋಡೆಗಂಟಿದ ಕಟ್ಟೆಯ ಮೇಲಿಟ್ಟ. ಆರಲಿ ಎಂದು ಕಾದ. ಕಾಯುತ್ತ ಬಶಿಯನ್ನೇ ದಿಟ್ಟಿಸತೊಡಗಿದ.

"ಚಹಾದಾಗ ನೊಣ ಬಿತ್ತೇನೋ ಅಣ್ಣಾ?" ಎಂದಳು ಅವ್ವ.

"ನೊಣ ಇಲ್ಲವಾ. ನಿಮ್ಮ ಚಹಾಕ್ಕ ಥಂಡಿ ಜ್ವರ ಬಂದೈತಿ. ನೋಡಿಲ್ಲೆ, ಹೆಂಗ ನಡಗಾಕತ್ತೈತಿ."

ನಾವು ಬಾಗಿ ನೋಡಿದೆವು. ಬಶಿಯ ಚಹಾದ ಮೇಲೆ ಬಳೆಯಂಥ ಸಣ್ಣ ಸಣ್ಣ ಅಲೆಗಳು ಅಂಚಿನಿಂದ ನಡುವಿಗೆ ಓಡುತ್ತಿದ್ದವು. ನಮಗೇನೂ ವಿಶೇಷ ಅನ್ನಿಸಲಿಲ್ಲ. ನಮ್ಮ ಓಣಿಯಲ್ಲಿ ಚಹಾ ನಡುಗುತ್ತದೆ, ನೀರು ನಡುಗುತ್ತದೆ, ಜೋಗುಳದ ತೊಟ್ಟಿಲೂ ತಾನೇ ನಡುಗುತ್ತದೆ. ಪವರ್‌ಲೂಮಿನ ಸದ್ದು ನಿಂತರಷ್ಟೇ ನಮಗೆ ಎಚ್ಚರ.

"ಇದರಾಗೇನೈತಿ? ಗ್ವಾಡಿ ಆಚಿ ಕಡೆ ನಮ್ಮ ಲೂಮು ನಡದಾವಲ್ಲ" ಎಂದ ಅಪ್ಪ.

"ಅದನ್ನ ಕೇಳಾಕತ್ತೇನಿ ಭಾವಾ. ಚಹಾ ನಡಗಿದ್ರ ಈ ನಳಗಿ ಸುಮ್ಮನಿದ್ದೀತೇನು? ನಮ್ಮ ಹೌದಿನ ಬಾಜೂಕ ಯಾರರ ನೆಲಾ ಕುಟ್ಟಿದ್ರ ನಮ್ಮವ್ವ ಕೋಲ ತಗೊಂಡ ಬರತಿದ್ಲು. ನೆಲಾ ನಡಗಿದ್ರ ಮಣ್ಣು ತನ್ನ ಪಾಡಿಗೆ ತಾ ಇಳಿಯಂಗಿಲ್ಲ, ಲಗೂನ ಕೂಡತದ. ಮತ್ತ ನಿಮ್ಮ ಈ ಸ್ಟ್ಯಾಂಡ್ ಬರೋಬ್ಬರ ನೆಟ್ಟಗೂ ಇಲ್ಲ ಭಾಯಿ. ಒಂದ ಮಗ್ಗಲಕ್ಕ ವಾಲೇತಿ."

ಭಾಯಿ ಎದ್ದು ಬಂದು ಸ್ಟ್ಯಾಂಡಿನ ಮೇಲೆ ಬೆರಳಿಟ್ಟರು. ಮೇಲಿನ ಮೊಳೆ ಸಡಿಲಾಗಿ ಸ್ಟ್ಯಾಂಡು ಒಂದು ಬದಿಗೆ ಕೊಂಚ ಬಾಗಿತ್ತು. ಬೆರಳ ತುದಿಗೆ ಲೂಮಿನ ನಡುಕ ತಾಗಿರಬೇಕು, ಬೆರಳು ತೆಗೆಯಲಿಲ್ಲ.

"ತೋಬಾ! ಕಲಿಸುವಾಗ ಮೊದಲ ಮಾತ ಅದ ಹೇಳಿದ್ರು. ನಳಗಿ ಅಲುಗಬಾರದು, ವಾಲಬಾರದು. ವಾಲಿದ್ರ ಕೆಂಪು ಒಂದು ಮಗ್ಗಲಕ್ಕ ಜಾರಿ ಲಗೂನ ಇಳೀತದ. ಯಜಮಾನರ, ನಿಮ್ಮ ಲೂಮು ಈ ಗ್ವಾಡಿಗೆ ಎಂದ ಬಂದ್ವು?"

ಅಪ್ಪನ ಮುಖ ನೋಡಬೇಕಿತ್ತು. ಲೂಮು ಬಂದದ್ದು ಎರಡನೆಯ ಪರೀಕ್ಷೆಯ ನಂತರ, ಮೂರನೆಯದಕ್ಕೆ ಮೊದಲು. ಅವ್ವನ ಕೈ ಸೋತಿತೆಂದು ತಂದ ಲೂಮೇ ಗೋಡೆಯಾಚೆಯಿಂದ ಅವಳ ರಕ್ತವನ್ನು ಅಲುಗಾಡಿಸುತ್ತಿತ್ತೇನೋ!

"ನಾ ಈಗ ಬಂದ ಮಾಡಿ ಬರತೀನಿ" ಎಂದು ಅಪ್ಪ ಹೊರಟ.

"ಇದು ಕೆಟ್ಟಂಗ ಆತು, ಇದನ್ನ ಬಿಡ್ರಿ. ನನ್ನ ದೋಸ್ತ ಖಾನಾಪುರದಾಗ ಲ್ಯಾಬ್ ಇಟ್ಟಾನ. ಅಲ್ಲೆ ಸಪ್ಪಳನ ಇಲ್ಲ. ನಾಳೆ ಅಲ್ಲೆ ಹೊಸದಾಗಿ ತಗಸ್ರಿ" ಎಂದರು ಭಾಯಿ. ಆದರೂ ತಾಸು ತುಂಬಿದ ಮೇಲೆ ಗೆರೆ ಎಣಿಸಿದರು. ಎಂಬತ್ತು. ಒಂದು ಚೀಟಿಯಲ್ಲಿ ಬರೆದು, ಅದರ ಮೇಲೆ ಅಡ್ಡ ಗೆರೆ ಎಳೆದರು.

"ನನ್ನ ರಕ್ತಾನೂ ತವರಮನಿಗೆ ಹೋಗಬೇಕಂತ ಹಟಾ ಹಿಡದಂಗ ಕಾಣ್ತದ" ಎಂದಳು ಅವ್ವ. ತಿಂಗಳ ನಂತರ ಅವಳು ಮಾಡಿದ ಮೊದಲ ಚೇಷ್ಟೆ ಅದು.

ಮರುದಿನ ಖಾನಾಪುರದ ಆ ಲ್ಯಾಬಿನ ಬೆಂಚಿನ ಮೇಲೆ ಮೂವರು ಕುಳಿತೆವು, ನಾನು, ಅವ್ವ, ಮಾಮಾ. ಹೊರಗೆ ಹಂಚಿನ ಮೇಲೆ ಪಾರಿವಾಳ ನಡೆದಾಡುವುದೂ ಕೇಳಿಸುತ್ತಿತ್ತು. ಮಾಮಾ ಒಂದು ದಾರಕ್ಕೆ ಜೇಡಿಮಣ್ಣಿನ ಉಂಡೆ ಕಟ್ಟಿ ತಂದಿದ್ದ. ಯಾರ ಅಪ್ಪಣೆಯನ್ನೂ ಕೇಳದೆ ಅದನ್ನು ನಳಿಗೆಯ ಬದಿಗೆ ತೂಗಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, "ಹಾಂ, ಇದು ನೆಟ್ಟಗೈತಿ" ಎಂದು ಒಪ್ಪಿಗೆ ಕೊಟ್ಟ. ಲ್ಯಾಬಿನವರು ಬೆಪ್ಪಾಗಿ ನಮ್ಮನ್ನು ನೋಡಿದರು.

ಆ ತಾಸು ಬಹಳ ಉದ್ದ. ನಾನು ಗಡಿಯಾರ ನೋಡುತ್ತಿದ್ದೆ, ಮಾಮಾ ನಳಿಗೆ ನೋಡುತ್ತಿದ್ದ. ಅವ್ವ ಎರಡನ್ನೂ ನೋಡಲಿಲ್ಲ. ಸೆರಗಿನ ಅಂಚಿನಲ್ಲಿ ಬಿಚ್ಚಿಕೊಂಡಿದ್ದ ಎರಡು ಎಳೆ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯತೊಡಗಿದಳು. ಒಂದು ಸಲ ಜಾರಿತು. ಇನ್ನೊಂದು ಸಲ ಜಾರಿತು. ಮೂರನೆಯ ಸಲ ಕೂಡಿತು. ಎಳೆದು ನೋಡಿದಳು, ಬಿಡಲಿಲ್ಲ. ಮುಂದಿನ ಎರಡು ಎಳೆ ಹಿಡಿದಳು. ಕಾಗದ ಇನ್ನೂ ಬಂದಿರಲಿಲ್ಲ.

ಮೂವತ್ನಾಲ್ಕು ಬಂತು.

ಶಿವಬಸವ ನಗರದಲ್ಲಿ ನಾನು ಗೋಡೆ, ಲೂಮು, ಚಹಾದ ಬಶಿ ಎಲ್ಲ ಕಥೆ ಹೇಳಿದೆ. ಡಾಕ್ಟರಬಾಯಿ ಹಳೆಯ ಚೀಟಿಗಳನ್ನು ಸಾಲಾಗಿ ಹರವಿ ನೋಡಿದರು. ಅವ್ವನ ಬೆರಳನ್ನು ಒಂದೊಂದಾಗಿ ಮಡಚಿಸಿದರು. "ಪೂರಾ ಆರಾಮ ಆಗಿಲ್ಲ, ಆದರ ದಾರಿ ಬರೋಬ್ಬರ ಐತಿ. ಇದ ಗುಳಿಗಿ ಇರಲಿ. ಮತ್ತ ನೆಪ್ಪಿಡ್ರಿ, ಥಂಡಿ ಜ್ವರಾ ಬಂದ್ರೂ ಇದು ಏರ್ತದ, ಮೈಯಾಗ ರಕ್ತ ಕಡಿಮಿ ಇದ್ರೂ ಏರ್ತದ. ಏರಿದ್ದ ಕೂಡಲೇ ಗಾಬರಿ ಆಗಬ್ಯಾಡ್ರಿ, ಕೈ ಏನಂತದ ಅಂತನೂ ಕೇಳ್ರಿ."

ಭಾಯಿ ತಮ್ಮ ಸ್ಟ್ಯಾಂಡನ್ನು ಲೂಮಿಗೆ ದೂರದ, ಬೀದಿಯಾಚೆಯ ಒಂದು ಕೋಣೆಗೆ ಸಾಗಿಸಿದರು. ಮಾಮಾ ಕಟ್ಟಿಕೊಟ್ಟ ಅಂಥದೇ ಮಣ್ಣಿನ ಉಂಡೆ ಅದರ ಪಕ್ಕದಲ್ಲಿ ವರ್ಷಗಟ್ಟಲೆ ತೂಗುತ್ತಿತ್ತು. ಲೂಮು ಬಂದ ಮೇಲೆ ಹಳೆಯ ಕೋಣೆಯಲ್ಲಿ ಪರೀಕ್ಷೆ ಮಾಡಿಸಿಕೊಂಡವರ ಮನೆಗಳಿಗೆ ಭಾಯಿ ತಾವೇ ಹೋಗಿ, ಮತ್ತೊಮ್ಮೆ ಬನ್ನಿ ಎಂದು ಕರೆದು ಬಂದರು.

ಶ್ರಾವಣದಲ್ಲಿ ಅಪ್ಪ ಕೈಮಗ್ಗದ ಮೇಲಿನ ಚಾದರ ತೆಗೆದ. ಅವ್ವ ಹೊಸ ಹಾಸು ಕೆಚ್ಚಲು ಕುಳಿತಳು. ಮೊದಲು ಒಂದೇ ದಿನದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಆರು ದಿನ ಹಿಡಿಯಿತು. ನಡುನಡುವೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡಳು. ಆ ಹಾಸಿನ ಮೊದಲ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿ, ಮಾಮಾನ ಹೆಂಡತಿಯ ಕೈಗೆ ತಾನೇ ಕೊಟ್ಟು, ಸಂಜೆಯ ಬಸ್ಸಿಗೆ ತಿರುಗಿ ಬಂದಳು.