ಪಾತಾಳಗರಡಿ

ನನಗೆ ಈಜು ಕಲಿಸಿದವಳು ನಮ್ಮಮ್ಮನ ಅಕ್ಕ, ತುಳಸಿ ದೊಡ್ಡಮ್ಮ. ಸಾವಿರದ ಒಂಬೈನೂರ ಎಪ್ಪತ್ತೈದರ ಬೇಸಿಗೆ, ತುಮಕೂರಿನ ಹೊರಗಿನ ಒಂದು ತೋಟದ ಬಾವಿ. ಬೇರೆ ಮಕ್ಕಳು ಚಡ್ಡಿ ತೊಟ್ಟು ನೀರಿಗಿಳಿದರೆ ನನಗೆ ಅವಳು ತನ್ನ ಹಳೇ ಸೀರೆ ಉಡಿಸಿ ಇಳಿಸಿದಳು. ಹತ್ತು ವರ್ಷದವಳಿಗೆ ಸೀರೆ ಯಾಕೆಂದು ನಾನು ರಂಪ ಮಾಡಿದೆ.

"ಬೀಳೋ ದಿನ ಸೀರೆ ಬಿಚ್ಚಿಟ್ಟು ಬೀಳ್ತೀಯೇನೇ?" ಅಂದಳು.

ಆ ಮಾತು ಅವಳದ್ದಲ್ಲ, ಅವಳ ಗುರುವಿನದು. ಅದು ಹುಟ್ಟಿದ ಕಥೆಯನ್ನು ಅಮ್ಮ ನನಗೆ ಹೇಳಿದ್ದು ನಾನು ಮದುವೆಯ ವಯಸ್ಸಿಗೆ ಬಂದಮೇಲೆ.

ದೊಡ್ಡಮ್ಮನನ್ನು ಕಡಬದಿಂದ ಗುಬ್ಬಿಗೆ ಕೊಟ್ಟದ್ದು ಐವತ್ತೇಳರಲ್ಲಿ. ಎರಡನೇ ಸಂಬಂಧ. ಗಂಡ ಸುಬ್ಬಕೃಷ್ಣ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಜೋರು ಮಾತಿಲ್ಲ, ಕೆಟ್ಟ ಚಾಳಿಯಿಲ್ಲ, ಬೆನ್ನುಮೂಳೆಯೂ ಇಲ್ಲ. ಮನೆ ನಡೆಯುತ್ತಿದ್ದದ್ದು ಅವನ ತಾಯಿ ಅಲಮೇಲಮ್ಮನ ಕಣ್ಸನ್ನೆಯಲ್ಲಿ. ಮೊದಲ ಹೆಂಡತಿ ಕೌಸಲ್ಯ ಮಕ್ಕಳಿಲ್ಲದೆ, ಹಿಂದಿನ ವರ್ಷವಷ್ಟೇ ಕಾಲು ಜಾರಿ ಬಾವಿಗೆ ಬಿದ್ದು ಹೋದಳು ಅಂತ ಹೇಳಿದ್ದರು. ನಮ್ಮ ತಾತ ಸೀತಾರಾಮಯ್ಯನವರು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಮೂರು ಹೆಣ್ಣುಮಕ್ಕಳ ತಂದೆ, ಕೇಳಿದರೆ ಸಂಬಂಧ ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯ. ಈ ವಿಷಯದಲ್ಲಿ ನನಗೆ ತಾತನ ಮೇಲೆ ಇವತ್ತಿಗೂ ಸಿಟ್ಟಿದೆ.

ಬಾವಿ ಹಿತ್ತಲಲ್ಲೇ ಇತ್ತು. ಮೊಣಕಾಲೆತ್ತರದ ಕಟ್ಟೆ, ಎರಡು ಮರದ ಕಂಬ, ನಡುವೆ ರಾಟೆ. ಒಂದು ಕಂಬದ ಬುಡವನ್ನು ಗೆದ್ದಲು ತಿಂದಿತ್ತು. ನೀರು ಸೇದುವಾಗಲೆಲ್ಲ ಅದು ಅಲ್ಲಾಡುತ್ತಿತ್ತು. ಹೊಸ ಸೊಸೆ ಅಂಜುತ್ತಲೇ ಗಂಡನಿಗೆ ಹೇಳಿದಳು. "ನೋಡೋಣ" ಅಂದ.

ಅತ್ತೆಗೆ ಹೇಳಿದಾಗ ಅಲಮೇಲಮ್ಮ ಹೂ ಕಟ್ಟುತ್ತಿದ್ದವಳು ತಲೆಯೆತ್ತಲಿಲ್ಲ. "ಕೌಸಲ್ಯನೂ ಹೀಗೇ ಹೇಳ್ತಿದ್ದಳು" ಅಂದಳು.

ಒಂದು ದಿನ ಹಗ್ಗದ ಕುಣಿಕೆ ಸಡಿಲಾಗಿ ಕೊಡ ಬಾವಿಗೆ ಬಿತ್ತು. ದೊಡ್ಡಮ್ಮ ಪಕ್ಕದ ಅನಂತರಾಮಯ್ಯನವರ ಮನೆಗೆ ಪಾತಾಳಗರಡಿ ಕೇಳಲು ಹೋದಳು. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆ ಹಾಕಿದ ಸಾಮಾನು ಅದು. ಹಗ್ಗ ಕಟ್ಟಿ ಬಿಟ್ಟು ತಳವೆಲ್ಲ ಜಾಲಾಡಿದರೆ ಮುಳುಗಿದ ಕೊಡ ಸಿಕ್ಕಿಕೊಂಡು ಬರುತ್ತದೆ. ಆ ಮನೆಯಾಕೆ ಕೊಡಲಿಲ್ಲ.

"ತಪ್ಪು ತಿಳ್ಕೋಬೇಡಮ್ಮ. ನಿಮ್ಮ ಮನೆಗೆ ಮಾತ್ರ ಇನ್ನು ಕೊಡಲ್ಲ ಅಂದಿದಾರೆ ನಮ್ಮನೆಯವರು. ಹಿಂದೆ ಕೊಡ ಬಿತ್ತು ಅಂತ ಇಸ್ಕೊಂಡು ಹೋದ್ರು. ಮೇಲೆ ಬಂದಿದ್ದು ಕೌಸಲ್ಯ."

ದೊಡ್ಡಮ್ಮ ಬರಿಗೈಯಲ್ಲಿ ಹಿಂದಿರುಗಿದಳು. ಹೆಂಡತಿ ಬಿದ್ದಿರುವಾಗ ಕೊಡ ಬಿತ್ತು ಅಂತ ಯಾಕೆ ಹೇಳಿದರು? ಅದನ್ನು ಆ ಮನೆಯಲ್ಲಿ ಯಾರನ್ನು ಕೇಳುವುದು?

ಆಷಾಢ ಬಂತು. ಹೊಸ ಮದುಮಗಳು ತವರಿಗೆ ಹೋಗುವ ತಿಂಗಳು. ಕಡಬಕ್ಕೆ ಬಂದವಳು ತಾಯಿಯ ಹತ್ತಿರವೂ ಕೂರದೆ ನೇರ ತೋಟಕ್ಕೆ ಹೋದಳು. ತೋಟ ನೋಡಿಕೊಳ್ಳುತ್ತಿದ್ದ ಚಿಕ್ಕಮಾರಮ್ಮ ಮೀನಿನ ಹಾಗೆ ಈಜುವವಳು. "ನನಗೆ ಈಜು ಕಲಿಸು" ಅಂದಳು ದೊಡ್ಡಮ್ಮ.

ಚಿಕ್ಕಮಾರಮ್ಮ ಅವಳ ಮುಖ ನೋಡಿದಳು. ಯಾಕೆ ಅಂತ ಕೇಳಲಿಲ್ಲ. ಹೆಂಗಸರು ಬಾವಿಗೆ ಬೀಳುವ ಬಗೆಗಳೆಲ್ಲ ಅವಳಿಗೆ ಗೊತ್ತಿದ್ದವು.

ಸಿಪ್ಪೆ ಸಮೇತ ಎರಡು ಒಣ ತೆಂಗಿನಕಾಯಿ ಜೋಡಿಸಿ ಸೊಂಟಕ್ಕೆ ಕಟ್ಟಿದಳು. ಸೀರೆ ತೆಗೆದಿಡಲು ಹೋದರೆ ಬಿಡಲಿಲ್ಲ. "ಬೀಳೋ ದಿನ ಸೀರೆ ಬಿಚ್ಚಿಟ್ಟು ಬೀಳ್ತೀರಾ ಅಮ್ಮಣ್ಣಿ? ಉಟ್ಕೊಂಡೇ ಕಲೀರಿ. ಕಾಲಿಗೆ ಸುತ್ಕೊಂತು ಅಂದ್ರೆ ಒದೀಬ್ಯಾಡಿ, ಮಂಡಿ ಮಡಚಿ ಬುಡಿಸ್ಕಳಿ."

ನಮ್ಮಮ್ಮ ಆಗ ಲಂಗದ ಹುಡುಗಿ. ಯಾರಾದರೂ ಬಂದಾರೆಂದು ತೋಟದ ಬಾಗಿಲಲ್ಲಿ ಕಾವಲು ಕೂರುವುದು ಅವಳ ಕೆಲಸ. ಮೊದಮೊದಲು ಅಕ್ಕ ಬರೀ ನೀರು ಕುಡಿಯುತ್ತಿದ್ದಳಂತೆ. ಮುಳುಗಿದಾಗಲೆಲ್ಲ ಕಿರುಚುತ್ತಿದ್ದಳು. ಚಿಕ್ಕಮಾರಮ್ಮ ಬಯ್ದೇ ಬಯ್ಯುತ್ತಿದ್ದಳು.

"ಕೂಗಬ್ಯಾಡಿ ಅಂದ್ನಲ್ಲ. ಬಾಯಿ ತೆಗೆದ್ರೆ ನೀರು ಒಳೀಕ್ಕೋಯ್ತದೆ. ಬಿದ್ದೇಟ್ಗೆ ಉಸಿರು ಹಿಡೀರಿ. ಮ್ಯಾಲೆ ಬಂದು ಕಲ್ಲು ಹಿಡ್ಕಳಿ. ಕೂಗೋದು ಆಮೇಲೆ."

ಆಷಾಢ ಮುಗಿಯುವ ಹೊತ್ತಿಗೆ ತೆಂಗಿನಕಾಯಿಯ ಹಂಗು ತಪ್ಪಿತ್ತು. ಒದ್ದೆ ತಲೆಗೆ ತಾಯಿಯ ಹತ್ತಿರ ಏನೇನೋ ಸುಳ್ಳು ಹೇಳಿ, ಗುಬ್ಬಿಗೆ ಹೊರಟಳು. ಗಂಡನ ಮನೆಯಲ್ಲಿ ಈಜಿನ ಸುದ್ದಿ ಎತ್ತಲಿಲ್ಲ.

ನಾಲ್ಕು ವರ್ಷ ಕಳೆಯಿತು. ಮಕ್ಕಳಾಗಲಿಲ್ಲ. ಹರಕೆಗಳಾದವು, ಕಷಾಯಗಳಾದವು, ಚುಚ್ಚುಮಾತುಗಳಾದವು. ಆಮೇಲೆ ಅಲಮೇಲಮ್ಮ ಬಯ್ಯುವುದನ್ನೇ ನಿಲ್ಲಿಸಿಬಿಟ್ಟಳು. ಊಟ ಹೆಚ್ಚಾಗಿಯೇ ಬಡಿಸುತ್ತಿದ್ದಳು. ದೊಡ್ಡಮ್ಮನಿಗೆ ನಿಜವಾಗಿ ಹೆದರಿಕೆ ಹತ್ತಿದ್ದು ಆಗ.

ಅರವತ್ತೊಂದರ ದಸರೆಯ ಸುಮಾರಿಗೆ ಕುಣಿಗಲ್ ಕಡೆಯ ನೆಂಟನೊಬ್ಬ ಬಂದ. ತನ್ನೂರಿನಲ್ಲಿ ಒಂದು ಒಳ್ಳೆಯ ಹುಡುಗಿಯಿದ್ದಾಳೆ ಎಂದು ಮಾತು ತೆಗೆದ. ಅಡುಗೆಮನೆಯಲ್ಲಿದ್ದ ದೊಡ್ಡಮ್ಮನಿಗೆ ಅತ್ತೆಯ ಉತ್ತರ ಸ್ಪಷ್ಟವಾಗಿ ಕೇಳಿಸಿತು.

"ಮುಂಚೆ ಆಗಿದ್ರೆ ಇವಳಿದ್ದ ಹಾಗೇ ಇನ್ನೊಬ್ಬಳನ್ನ ತರಬಹುದಿತ್ತು. ಈಗ ಕಾಯ್ದೆ ಬಂದು ಕೂತಿದೆಯಲ್ಲ, ಒಬ್ಬಳು ಬದುಕಿರೋವಾಗ ಇನ್ನೊಬ್ಬಳು ಕೂಡದು ಅಂತ. ನೋಡೋಣ, ದೇವರು ಏನಾದ್ರೂ ದಾರಿ ತೋರಿಸ್ತಾನೆ."

ಕಾಯ್ದೆ ಬಂದದ್ದು ಐವತ್ತೈದರಲ್ಲಿ. ಕೌಸಲ್ಯ ಸತ್ತದ್ದು ಐವತ್ತಾರರಲ್ಲಿ. ದೊಡ್ಡಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಅವತ್ತೇ ತವರಿಗೆ ಹೇಳಿ ಕಳಿಸಿದಳು. ತಾತ ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿ ಕಳಿಸಿದರು.

ಕಾರ್ತಿಕದ ಒಂದು ಬೆಳಿಗ್ಗೆ. ಅಂಗಳ ತೊಳೆಯಲು ನೀರು ಸೇದುತ್ತಿದ್ದಳು. ಹಗ್ಗ ಕೈಗೆ ಒಂದು ಸುತ್ತು ಸುತ್ತಿಕೊಂಡಿದ್ದಳು. ತುಂಬಿದ ಕೊಡ ಅರ್ಧಕ್ಕೆ ಬಂದಿತ್ತು. ಕಂಬ ಬುಡದಲ್ಲೇ ಮುರಿಯಿತು. ರಾಟೆ, ಕೊಡ, ಹಗ್ಗ ಎಲ್ಲ ಒಟ್ಟಿಗೆ ಇಳಿದವು, ಹಗ್ಗದ ಜೊತೆ ಅವಳೂ.

ನೀರು ತಲೆಯ ಮೇಲೆ ಮುಚ್ಚಿಕೊಂಡಿತು. ಸೀರೆ ಕಾಲಿಗೆ ಸುತ್ತಿತು. ಒದೆಯಲಿಲ್ಲ, ಮಂಡಿ ಮಡಚಿ ಬಿಡಿಸಿಕೊಂಡಳು. ಕೈಯ ಹಗ್ಗ ಕಳಚಿದಳು. ಮೇಲೆ ಬಂದು, ಬಾವಿಯ ನೆರಳಿನ ಮಗ್ಗುಲಲ್ಲಿ ಒಂದು ಚಾಚುಕಲ್ಲು ಹಿಡಿದಳು. ಗಂಟಲಿಗೆ ಬಂದಿದ್ದ ಕೂಗನ್ನು ಚಿಕ್ಕಮಾರಮ್ಮನ ಬೈಗುಳ ನೆನೆದು ನುಂಗಿಕೊಂಡಳು. ಮೊದಲು ಉಸಿರು.

ಅಷ್ಟರಲ್ಲಿ ಮೇಲೆ ಮಾತು ಕೇಳಿಸಿತು.

"ಅಮ್ಮ, ತುಳಸಿ ಬಿದ್ದುಬಿಟ್ಟಳು. ದನದ ಹಗ್ಗ ತರ್ಲಾ?" ಗಂಡನ ದನಿ.

"ಮೆತ್ತಗೆ ಮಾತಾಡೋ. ಕೂಗೂ ಇಲ್ಲ, ಏನೂ ಇಲ್ಲ. ಹಗ್ಗ ಯಾಕೆ ಇನ್ನು?"

ಬಾವಿಯೊಳಗೆ ಬಗ್ಗಿದ ಎರಡು ತಲೆಗಳ ನೆರಳು ನೀರಿನ ಮೇಲೆ ಬಿದ್ದಿತ್ತು. ದೊಡ್ಡಮ್ಮ ಕಲ್ಲಿಗೆ ಇನ್ನಷ್ಟು ಒತ್ತಿಕೊಂಡಳು.

"ಒಂದು ಗಳಿಗೆ ತಡಿ. ಆಮೇಲೆ ಹೋಗಿ ಪಾತಾಳಗರಡಿ ಇಸ್ಕೊಂಡು ಬಾ. ಕೊಡ ಬಿತ್ತು ಅನ್ನು."

"ಹೂಂ."

ಆ ಒಂದು ಹೂಂ ಇದೆಯಲ್ಲ, ನೀರಿಗಿಂತ ತಣ್ಣಗಿತ್ತು ಅಂತ ದೊಡ್ಡಮ್ಮ ಹೇಳುತ್ತಿದ್ದಳು. ಕೌಸಲ್ಯನನ್ನು ಯಾರೂ ನೂಕಿರಲಿಲ್ಲ. ಕಂಬ ಸರಿಮಾಡಿಸಲಿಲ್ಲ, ಹಗ್ಗ ಇಳಿಬಿಡಲಿಲ್ಲ, ಒಂದು ಗಳಿಗೆ ತಡೆದರು, ಅಷ್ಟೇ. ಅವಳಿಗೆ ಈಜು ಬರುತ್ತಿರಲಿಲ್ಲ.

ನೆರಳುಗಳು ಸರಿದವು. ಹೂಳೆತ್ತುವವರು ಇಳಿಯಲೆಂದು ಗೋಡೆಯುದ್ದಕ್ಕೂ ಚಾಚುಕಲ್ಲುಗಳಿದ್ದವು. ಒಂದೊಂದೇ ಹಿಡಿದು ಹತ್ತಿದಳು. ಉಗುರು ಕಿತ್ತು ರಕ್ತ ಬಂತು. ಮೇಲೆ ಬಂದಾಗ ಹಿತ್ತಲಲ್ಲಿ ಯಾರೂ ಇರಲಿಲ್ಲ. ಅಲಮೇಲಮ್ಮ ಒಳಗೆ ಹೋಗಿದ್ದಳು. ಒಲೆಯ ಮೇಲೆ ಹಾಲಿಟ್ಟಿದ್ದಳಂತೆ.

ಸುಬ್ಬಕೃಷ್ಣ ಒಬ್ಬನೇ ಬರಲಿಲ್ಲ. ಕೊಡ ಬಿತ್ತು ಎಂಬ ಮಾತು ಮತ್ತೆ ಕೇಳಿದ ಅನಂತರಾಮಯ್ಯನವರು ಪಾತಾಳಗರಡಿಯನ್ನು ತಾವೇ ಹಿಡಿದು, ಹೆಂಡತಿಯನ್ನೂ ಕರೆದುಕೊಂಡು ಹಿಂದೆಯೇ ಬಂದರು. ದೊಡ್ಡಮ್ಮ ಬಾವಿಕಟ್ಟೆಯ ಮೇಲೆ ಕೂತು ಸೀರೆಯ ಸೆರಗು ಹಿಂಡುತ್ತಿದ್ದಳು. ಸುಬ್ಬಕೃಷ್ಣನ ಕಾಲು ಅಲ್ಲೇ ನಿಂತಿತು.

"ಕೊಡಾನೂ ಬಿದ್ದಿದೆ, ನಾನೂ ಬಿದ್ದಿದ್ದೆ" ಅಂದಳು ಅನಂತರಾಮಯ್ಯನವರಿಗೆ. "ಇವರು ಮಾತಾಡಿದ್ದೆಲ್ಲ ಒಳಗೆ ಚೆನ್ನಾಗಿ ಕೇಳಿಸ್ತು."

ಹಾಲಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದ ಅಲಮೇಲಮ್ಮ ಸೊಸೆಯನ್ನು ನೋಡಿ ಗೋಡೆಗೆ ಒರಗಿದಳು. ಯಾರೂ ಪೊಲೀಸಿಗೆ ಹೇಳಲಿಲ್ಲ. ಹೇಳುವುದಾದರೂ ಏನು? ಬದುಕಿರುವವಳು ತಾನು ಸತ್ತೆನೆಂದು ದೂರು ಕೊಡಬಹುದೇ? ಅಂದು ಮಧ್ಯಾಹ್ನದ ಬಸ್ಸಿಗೆ ಅನಂತರಾಮಯ್ಯನವರ ಹೆಂಡತಿಯೇ ಅವಳನ್ನು ತುಮಕೂರಿಗೆ ಕರೆತಂದು, ಹೆಣ್ಣುಮಕ್ಕಳ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿಸಿದರು. ಆ ಹಾಸ್ಟೆಲ್ಲಿನ ಹುಡುಗಿಯರಿಗೂ ಅವಳು ಬೇಸಿಗೆಯಲ್ಲಿ ಸೀರೆ ಉಡಿಸಿ ಈಜು ಕಲಿಸಿದಳು.

ದೊಡ್ಡಮ್ಮ ಕೊನೆಯವರೆಗೂ ತಾಳಿ ತೆಗೆಯಲಿಲ್ಲ. ಬಿಡುಗಡೆಗೆ ಒಪ್ಪು ಎಂದು ಸುಬ್ಬಕೃಷ್ಣ ಎರಡು ಸಲ ಜನ ಕಳಿಸಿದ. ಅವಳು ಒಪ್ಪಲಿಲ್ಲ. ಕೋರ್ಟಿಗೆ ಹೋದರೆ ಬಾವಿಯ ಮಾತು ಬರುತ್ತದೆಂದು ಅವನೂ ಹೋಗಲಿಲ್ಲ. ಎಂಥ ಪತಿವ್ರತೆ ಅಂತ ಬೀದಿಯ ಹೆಂಗಸರು ಹೊಗಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ, ಅಂಥವನ ತಾಳಿ ಯಾಕೆ ಕಟ್ಟಿಕೊಂಡಿದೀಯ ಅಂತ ಕೇಳಿಯೇಬಿಟ್ಟೆ.

ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದಳು.

"ನಾನು ಬದುಕಿ, ಇದು ನನ್ನ ಕತ್ತಲ್ಲಿರೋ ತನಕ ಆ ಮನೆಗೆ ಇನ್ನೊಬ್ಬಳು ಬರೋ ಹಾಗಿಲ್ಲ ಕಣೇ. ಇದು ಆ ಬಾವಿಗೆ ಹಾಕಿರೋ ಮುಚ್ಚಳ."