ನೇರಳೆ ಮರದ ಕಟ್ಟೆ

ಆ ಭಾನುವಾರ ಬೆಳಿಗ್ಗೆ ನನ್ನ ತಮ್ಮ ಅರಸೀಕೆರೆಯ ಪಾರ್ಕಿನಲ್ಲಿ ಹೊಂಗೆ ಮರದ ಬುಡದ ಸಿಮೆಂಟು ಒಡೆಯುತ್ತಿದ್ದ. ಹಿಂದೆ ಯಾವಾಗಲೋ ಆ ಮರದ ಸುತ್ತ ದಪ್ಪಗೆ ಸಿಮೆಂಟು ಬಳಿದಿದ್ದರು. ಮರ ದಪ್ಪವಾಗುತ್ತ ಬಂದು ತೊಗಟೆ ಸಿಮೆಂಟಿಗೆ ಕಚ್ಚಿಕೊಂಡಿತ್ತು. ಅದನ್ನು ತೆಗೆಯಲು ಪುರಸಭೆಗೆ ಅಲೆದು ಅಲೆದು ಒಪ್ಪಿಗೆ ಪಡೆದಿದ್ದ. ಹಾರೆ ಅವನ ಕೈಯಲ್ಲಿತ್ತು. ಮಕ್ಕಳು ಸಿಮೆಂಟಿನ ಚೂರುಗಳನ್ನು ಬಾಂಡ್ಲಿಗೆ ತುಂಬಿ ಹೊರಗೆ ಸುರಿದು ಬರುತ್ತಿದ್ದರು.

ಅವನು ಆಗ ಬಿ.ಎಸ್ಸಿ. ಕೊನೆಯ ವರ್ಷ ಮುಗಿಸಿದ್ದ. ಕಾಲೇಜಿನ ಕೆಲವು ಗೆಳೆಯರನ್ನು ಕಟ್ಟಿಕೊಂಡು ಪ್ರತಿ ಭಾನುವಾರ ಪಾರ್ಕಿಗೆ ಹೋಗುತ್ತಿದ್ದ. ಸುತ್ತಲಿನ ಬೀದಿಗಳ ಮಕ್ಕಳು ಬರುತ್ತಿದ್ದರು. ಕಸ ಆರಿಸುವುದು, ಗಿಡಕ್ಕೆ ನೀರು ಹೊರುವುದು, ಅದಾದ ಮೇಲೆ ನಡುವೆ ಇದ್ದ ದೊಡ್ಡ ನೇರಳೆ ಮರದ ಕೆಳಗೆ ಪಾಠ. ನಾನು ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದೆ. ಭಾನುವಾರ ಅವರಿಗೆ ಒಂದು ಡಬ್ಬಿ ಉಪ್ಪಿಟ್ಟು ಕೊಂಡೊಯ್ಯುವುದು ನನ್ನ ಕೆಲಸ. ಹೋದವಳು ಪಾಠ ಮುಗಿಯುವವರೆಗೂ ಕೂತುಬಿಡುತ್ತಿದ್ದೆ.

ಜೂನ್ ತಿಂಗಳು. ನೇರಳೆ ಹಣ್ಣು ಉದುರಿ ನೆಲವೆಲ್ಲ ಕಪ್ಪಾಗಿತ್ತು. ಮಕ್ಕಳ ನಾಲಿಗೆಯೂ ಹಾಗೇ ಇತ್ತು.

"ಮರ ಉಸಿರಾಡೋದು ಎಲ್ಲಿಂದ?" ಎಂದು ತಮ್ಮ ಕೇಳಿದ.

"ಎಲೆಯಿಂದ!" ಎಂದು ಎಲ್ಲರೂ ಕೂಗಿದರು.

"ಸರಿ. ಇನ್ನೆಲ್ಲಿಂದ?"

ಮಕ್ಕಳು ತಲೆಯೆತ್ತಿ ಮರವನ್ನೆಲ್ಲ ಹುಡುಕಿದರು.

"ಬೇರೂ ಉಸಿರಾಡ್ತವೆ ಕಣ್ರೋ. ಮಣ್ಣೊಳಗೂ ಗಾಳಿ ಐತೆ. ಈಗ ಎಲ್ಲರೂ ಮೂಗು ಹಿಡ್ಕಳಿ. ನಾನು ಬಿಡಿ ಅನ್ನೋವರ್ಗೂ ಬಿಡಂಗಿಲ್ಲ. ಬುಡಕ್ಕೆ ಸಿಮೆಂಟ್ ಬಳಿದ್ರೆ ಮರಕ್ಕೆ ಹಿಂಗೇ ಆಗೋದು."

ಎಲ್ಲರೂ ಮೂಗು ಹಿಡಿದರು. ಒಬ್ಬ ಮೆಲ್ಲಗೆ ಬಾಯಿ ತೆರೆದ.

"ಲೇ, ಬಾಯಿ ಮುಚ್ಚೋ! ಮರಕ್ಕೆಲ್ಲೈತ್ಲಾ ಬಾಯಿ?"

ಮೂಗು ಹಿಡಿದಿದ್ದವರೆಲ್ಲ ನಕ್ಕು ಕೈ ತೆಗೆದರು. ದಿನವೂ ವಾಕಿಂಗಿಗೆ ಬರುತ್ತಿದ್ದ ನಿವೃತ್ತ ಹೆಡ್‌ಮಾಸ್ಟರೊಬ್ಬರು ನಿಂತು ನೋಡುತ್ತಿದ್ದರು.

"ಏನಪ್ಪಾ ಮರದ ಡಾಕ್ಟ್ರೇ, ನಮ್ಮ ಮಂಡಿ ನೋವಿಗೂ ಏನಾದ್ರೂ ಔಷಧಿ ಇದೆಯಾ?"

"ಇದೆ ಸಾರ್. ಕಲ್ಲಿನ ಮೇಲೆ ನಡೆಯೋದು ಬಿಟ್ಟು ಮಣ್ಣಿನ ಮೇಲೆ ನಡೀರಿ."

ಅವರು ಜೋರಾಗಿ ನಕ್ಕರು. ಅವನೆಂದರೆ ಅವರಿಗೆ ನಿಜವಾಗಿಯೂ ಅಕ್ಕರೆ.

ಉಪ್ಪಿಟ್ಟು ತಿನ್ನುತ್ತ ತಮ್ಮ ಮುಖ ಕಿವುಚಿದ. "ಉಪ್ಪು ಜಾಸ್ತಿ ಆಗೈತಲ್ಲಕ್ಕ."

"ಹಂಗಾದ್ರೆ ಬಿಡು."

"ಬಿಡು ಅಂತ ಯಾರು ಅಂದ್ರು? ಇನ್ನೊಂಚೂರು ಹಾಕು."

ಮಾರನೆಯ ದಿನ ಹಳೇಬೀಡು ಕಡೆಯ ಮಾದಿಹಳ್ಳಿಯ ಗೆಳೆಯನ ತೋಟದಿಂದ ಸಸಿ ತರುತ್ತೇನೆಂದು ಬೈಕಿನಲ್ಲಿ ಹೋದ. ಹಳೇಬೀಡು ಇನ್ನೂ ಸ್ವಲ್ಪ ದೂರ ಇರುವಾಗ ಲಾರಿ ಹೊಡೆಯಿತು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಜೀವ ಇರಲಿಲ್ಲ. ಅದರ ಬಗ್ಗೆ ಬರೆಯಲು ನನಗೆ ಇದಕ್ಕಿಂತ ಹೆಚ್ಚು ಬರುವುದಿಲ್ಲ.

ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋಗಿದ್ದರು. ಅಮ್ಮ ಈಗ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ತಿಥಿ ಮುಗಿದರೂ ಬಾಗಿಲಾಚೆ ಕಾಲಿಡಲಿಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಸರಿಸುತ್ತಿದ್ದಳು. ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂತರೂ ಕಿವಿಯೆಲ್ಲ ಅವಳ ಕೋಣೆಯ ಕಡೆಗೇ ಇರುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಹೆಡ್‌ಮಾಸ್ಟರು ವಾಕಿಂಗಿನ ಹಿರಿಯರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು.

"ನೋಡಿ ತಾಯಿ, ನಿಮ್ಮ ಮಗ ಈ ಊರಿನ ಮಗ. ಅವನು ಪಾಠ ಮಾಡ್ತಿದ್ದ ನೇರಳೆ ಮರಕ್ಕೆ ಅವನ ಹೆಸರಲ್ಲಿ ಒಂದು ಕಟ್ಟೆ ಕಟ್ಟಿಸ್ತೀವಿ. ಹಳೇಬೀಡಿನ ಕೆತ್ತನೆಯವರಿಂದ ಕಲ್ಲಿನಲ್ಲಿ ಹೆಸರು ಕೆತ್ತಿಸ್ತೀವಿ. ಕೂತವರೆಲ್ಲ ಅವನನ್ನ ನೆನೀಬೇಕು."

ಅಮ್ಮ ಎದ್ದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು, "ಅವನ ಹೆಸರು ಕಲ್ಲಲ್ಲಿ ಇರ್ತದಾ ಸಾರ್?" ಎಂದು ಕೇಳಿದಳು. ಅವನು ಹೋದ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಅವರು ಹೊರಟಾಗ ನಾನು ಬಾಗಿಲವರೆಗೆ ಹೋದೆ. "ಸಾರ್, ಬುಡಕ್ಕೆ ಸಿಮೆಂಟು ಹಾಕಬಾರ್ದು ಅಂತ ಅವನು ಹೇಳ್ತಿದ್ದ" ಎಂದೆ.

ಹೆಡ್‌ಮಾಸ್ಟರು ನನ್ನ ತಲೆ ಸವರಿದರು. "ಗೊತ್ತಮ್ಮ, ಗೊತ್ತು. ಬುಡದ ಸುತ್ತ ಒಂದು ಮೊಳ ಜಾಗ ಬಿಡಿಸ್ತೀವಿ. ಅರಳಿಕಟ್ಟೆ ಇಲ್ವಾ ನಮ್ಮೂರುಗಳಲ್ಲಿ? ಮರಗಳು ಚೆನ್ನಾಗೇ ಇವೆಯಲ್ಲ. ನೀನು ಅಮ್ಮನ್ನ ನೋಡ್ಕೋ."

ತಮ್ಮನಿದ್ದಿದ್ದರೆ ಅರಳಿಕಟ್ಟೆಯ ಮಾತಿಗೆ ಅವನಿಗೆ ಉತ್ತರ ಗೊತ್ತಿರುತ್ತಿತ್ತು.

ಗುದ್ದಲಿ ಪೂಜೆಯ ದಿನ ಅಮ್ಮ ಮನೆಯಿಂದ ಹೊರಗೆ ಬಂದಳು. ಅಷ್ಟಕ್ಕೇ ನನ್ನ ಎದೆ ಎಷ್ಟು ಹಗುರವಾಯಿತೆಂದರೆ, ಆವತ್ತು ಮರದ ಕಡೆ ನಾನು ಸರಿಯಾಗಿ ನೋಡಲೂ ಇಲ್ಲ. ಮರುದಿನ ಹೋದಾಗ ಪಾಯ ತೆಗೆದಾಗಿತ್ತು. ಮರದ ಸುತ್ತ ಆಳವಾದ ಕಾಲುವೆ. ಕಡಿದ ಬೇರುಗಳನ್ನು ಪಕ್ಕದಲ್ಲಿ ಒಟ್ಟಿದ್ದರು, ಕೆಲವು ನನ್ನ ಮುಂಗೈಯಷ್ಟು ದಪ್ಪ. ಮಣ್ಣು, ಜಲ್ಲಿ ತುಂಬಿ ಸೊಂಟದೆತ್ತರ ಏರಿಸಿದರು. ಮೇಲೆ ಸಿಮೆಂಟು, ಅದರ ಮೇಲೆ ಕೆಂಪು ಟೈಲ್ಸು. ಒಂದು ಮೊಳ ಜಾಗ ಬಿಟ್ಟಿದ್ದು ನಿಜ. ಆದರೆ ಅಲ್ಲಿ ಎಲೆ, ಕಸ ಸೇರಿ ನೋಡಲು ಚೆನ್ನಾಗಿಲ್ಲವೆಂದು ಉದ್ಘಾಟನೆಗೆ ಮುಂಚೆ ಯಾರೋ ಅದನ್ನೂ ಮುಚ್ಚಿಸಿದರು.

ಉದ್ಘಾಟನೆಗೆ ಭಾನುವಾರದ ಮಕ್ಕಳೆಲ್ಲ ಬಂದಿದ್ದರು. ಅವರಲ್ಲೊಂದು ಹುಡುಗಿ ನನ್ನ ಹತ್ತಿರ ಬಂದು, "ಅಕ್ಕಾ, ಈ ಮರಕ್ಕೆ ಸಿಮೆಂಟ್ ಹಾಕಿದ್ರೆ ಏನೂ ಆಗಲ್ವಾ?" ಎಂದು ಕೇಳಿತು. ಈ ಮರದ ಲೆಕ್ಕ ಬೇರೆ ಇರಬೇಕು, ದೊಡ್ಡವರೆಲ್ಲ ಸೇರಿ ಮಾಡಿದ್ದಾರಲ್ಲ ಎಂದು ಅದು ತಿಳಿದಂತಿತ್ತು. ನಾನು ಅದರ ಕೈ ಹಿಡಿದುಕೊಂಡೆ. ತಮ್ಮನ ಗೆಳೆಯರು ದೂರದಲ್ಲಿ ನಿಂತು ನೆಲ ನೋಡುತ್ತಿದ್ದರು. "ನೀವು ಗಟ್ಟಿಯಾಗಿ ಹೇಳಬಹುದಿತ್ತಕ್ಕ" ಎಂದ ಒಬ್ಬ. "ಈಗ ನೀವು ಹೇಳಿ ನೋಡ್ರಪ್ಪ" ಎಂದೆ. ಎಲ್ಲರೂ ಅಮ್ಮನ ಕಡೆ ನೋಡಿದರು. ಅಮ್ಮ ಹೆಸರಿನ ಕಲ್ಲಿಗೆ ಸೇವಂತಿಗೆ ಹಾರ ಹಾಕಿ, ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸುತ್ತಿದ್ದಳು.

ಗೆಳೆಯರು ಆಮೇಲೆ ಕೆಲವು ಭಾನುವಾರ ಮಕ್ಕಳನ್ನು ಸೇರಿಸಿದರು. ಆ ಕಟ್ಟೆಯ ಮೇಲೆ ಕೂತು ಯಾವ ಪಾಠ ಮಾಡುವುದು? ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

ಅಮ್ಮ ಬಿಡಲಿಲ್ಲ. ದಿನವೂ ಮಧ್ಯಾಹ್ನದ ಊಟವಾದ ಮೇಲೆ ಪಾರ್ಕಿಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ನಲ್ಲಿಯಿಂದ ನೀರು ತಂದು ಟೈಲ್ಸು ತೊಳೆಯುತ್ತಿದ್ದಳು. ಸಂಜೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದಳು.

ಮುಂದಿನ ವರ್ಷ ನೇರಳೆ ಹಣ್ಣು ಕಡಿಮೆ ಬಿಟ್ಟಿತು. ಅದರ ಮುಂದಿನ ವರ್ಷ ತುದಿಯ ಕೊಂಬೆಗಳು ಬೋಳಾದವು. ನಾನು ಪುರಸಭೆಗೆ ಹೋದೆ. ಕಟ್ಟಿಸಿದವರು ಒಪ್ಪಿದರೆ ತೆಗೆಸುತ್ತೇವೆ ಎಂದರು. ಹೆಡ್‌ಮಾಸ್ಟರ ಮನೆಗೆ ಹೋದೆ. ಅವರಿಗೆ ಆಗ ಮೈ ಹುಷಾರಿರಲಿಲ್ಲ. "ನಿಮ್ಮಮ್ಮ ಹೂಂ ಅಂದ್ರೆ ನಾಳೆನೇ ಒಡೆಸ್ತೀನಿ ಕಣಮ್ಮ" ಎಂದರು.

ಅಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಬೇರಿನ ವಿಷಯ ಬಿಡಿಸಿ ಹೇಳಲು ಹೊರಟಾಗ ಅವಳು ತಡೆದಳು.

"ನಂಗೊತ್ತು ಕಣೇ. ಮನೇಲೂ ಬಡ್ಕೋತಿದ್ನಲ್ಲ, ಕೇಳಿಸ್ಕಂಡಿಲ್ವಾ ನಾನು? ಮರ ಒಣಗ್ತಾ ಐತೆ ಅಂತ ನಿನಗಿಂತ ಮೊದ್ಲೇ ನಂಗೆ ಗೊತ್ತಾತು."

"ಮತ್ತೆ, ಒಡೆಸನಾ ಅಮ್ಮ?"

"ಒಡ್ಸು. ಒಡ್ಸಿಬಿಟ್ಟು ನಾನೆಲ್ಲಿಗೆ ಹೋಗಿ ಕೂತ್ಕಳ್ಳಿ, ಅದನ್ನೂ ಹೇಳು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ನನ್ನ ಹತ್ತಿರ ತೋರಿಸಲು ಬೇರೆ ಜಾಗ ಇರಲಿಲ್ಲ. ಇಬ್ಬರೂ ಕತ್ತಲಾಗುವವರೆಗೆ ಕೂತಿದ್ದು ಮನೆಗೆ ಬಂದೆವು. ಆಮೇಲೆ ನಾನು ಆ ಮಾತು ತೆಗೆಯಲಿಲ್ಲ.

ಮರ ಪೂರ್ತಿ ಒಣಗಿದ ಮೇಲೆ, ಮಕ್ಕಳ ಮೇಲೆ ಕೊಂಬೆ ಬಿದ್ದೀತೆಂದು ಪುರಸಭೆಯವರು ಕಡಿಸಿದರು. ಕಟ್ಟೆಗೆ ಏಟಾಗದಂತೆ ಬಹಳ ಎಚ್ಚರದಿಂದ, ಮೇಲಿನಿಂದ ತುಂಡು ತುಂಡಾಗಿ ಇಳಿಸಿದರು. ನಡುವೆ ಉಳಿದ ಬೊಡ್ಡೆಯನ್ನು ಸಮ ಮಾಡಿ ಅದರ ಮೇಲೂ ಟೈಲ್ಸು ಕೂರಿಸಿದರು.

ಅಮ್ಮ ಈಗಲೂ ಹೋಗುತ್ತಾಳೆ. ಮಧ್ಯಾಹ್ನ ಟೈಲ್ಸು ಕಾದಿರುತ್ತದೆ, ಕೂರಲು ಆಗುವುದಿಲ್ಲ. ಹೊತ್ತು ಮುಳುಗುವವರೆಗೆ ಮನೆಯಲ್ಲೇ ಕಾಯುತ್ತಾಳೆ. ಕಲ್ಲು ಇದೆ, ಹೆಸರು ಇದೆ. ಅಲ್ಲಿ ನೆರಳಿಲ್ಲ.